ಚೆಸಾಪೀಕ್ ಲೈಟ್‌ಹೌಸ್ ಸುತ್ತಾಟ: ಐದನೆಯದನ್ನೂ ನೋಡಿ ಬಂದೆವು

ಹೋದ ವಾರಾಂತ್ಯ ಶಾರ್ಪ್ಸ್ ಐಲ್ಯಾಂಡ್ ಲೈಟ್ ನೋಡಿ ಬಂದೆವು. ಪಟ್ಟಿಯಲ್ಲಿ ಇದು ಐದನೆಯದು. ಅಮೆರಿಕದ ಚೆಸಾಪೀಕ್ ಕೊಲ್ಲಿಯಲ್ಲಿ ಮೇರಿಲ್ಯಾಂಡ್ ಕಡೆಯ ದೀಪಸ್ತಂಭಗಳನ್ನೆಲ್ಲ ಹಾಯಿದೋಣಿಯಲ್ಲೇ ಹೋಗಿ ನೋಡಬೇಕು ಅಂತ ಭಾವನೂ ನಾನೂ ಹೋದ ವರ್ಷ ಮಾತಾಡಿಕೊಂಡಿದ್ದೆವು. ದೋಣಿ ನಮ್ಮದಲ್ಲ, ಅನ್ನಾಪೊಲಿಸ್‌ನಲ್ಲಿ ಬಾಡಿಗೆಗೆ ತಗೊಳ್ಳುತ್ತೇವೆ. ಭಾವನ ಹತ್ತಿರ ಸರ್ಟಿಫಿಕೇಟ್ ಇದೆ, ಹಾಗಾಗಿ ಬೇರೆ ಕ್ಯಾಪ್ಟನ್ ಬೇಕಿಲ್ಲ. ಚುಕ್ಕಾಣಿ ಅವರದು. ಹಗ್ಗ ಎಳೆಯುವುದು, ನೀರಿನ ಆಳ ನೋಡುತ್ತಾ ಇರುವುದು ನನ್ನ ಕೆಲಸ.

ನಾನು ಕಾಪು ಕಡೆಯವನು. 1901ರ ಆ ಲೈಟ್‌ಹೌಸ್ ನೋಡಿಕೊಂಡೇ ಬೆಳೆದವನು. ದೀಪಸ್ತಂಭ ಅಂದರೆ ಬಂಡೆ ಮೇಲೆ ಗಟ್ಟಿಯಾಗಿ ನಿಂತಿರುವುದು ಅಂತ ತಲೆಯಲ್ಲಿ ಕೂತುಬಿಟ್ಟಿತ್ತು. ಇಲ್ಲಿ ನಿಲ್ಲಲು ಬಂಡೆ ಎಲ್ಲಿದೆ? ಚೆಸಾಪೀಕ್ ಕೊಲ್ಲಿ ಸುಮಾರು 320 ಕಿಲೋಮೀಟರ್ ಉದ್ದ ಇದ್ದರೂ ಸರಾಸರಿ ಆಳ 21 ಅಡಿ ಅಷ್ಟೇ. ತಳದಲ್ಲಿ ಹೆಚ್ಚು ಕಡೆ ಬರೀ ಕೆಸರು, ಮರಳು. ಆ ಕೆಸರಲ್ಲಿ ದೀಪ ನಿಲ್ಲಿಸಲು ಜನ ಏನೇನು ಮಾಡಿದರು ಅನ್ನುವುದೇ ಈಗ ನನ್ನನ್ನು ಹಿಡಿದಿಟ್ಟಿರುವ ವಿಷಯ.

ಮೊದಲು ನೋಡಿದ್ದು ಥಾಮಸ್ ಪಾಯಿಂಟ್ ಶೋಲ್. 1875ರದ್ದು. ನೀರಿನ ಮಧ್ಯೆ ಕಬ್ಬಿಣದ ಕಾಲುಗಳ ಮೇಲೆ ಆರು ಮೂಲೆಯ ಮರದ ಮನೆ. ದೂರದಿಂದ ನೋಡಿದರೆ ಹೊಲ ಕಾಯಲು ಹಾಕುವ ಅಟ್ಟಣೆಯ ಹಾಗೇ ಕಾಣುತ್ತದೆ. ಕಾಲುಗಳ ತುದಿಯಲ್ಲಿ ದೊಡ್ಡ ಸ್ಕ್ರೂ ಇದೆ, ಅದನ್ನು ತಿರುಗಿಸಿ ತಿರುಗಿಸಿ ಕೆಸರಿಗೆ ಇಳಿಸಿದ್ದಾರೆ. ಈ ಉಪಾಯ ಕಂಡುಹಿಡಿದದ್ದು ಐರ್ಲೆಂಡಿನ ಅಲೆಕ್ಸಾಂಡರ್ ಮಿಚೆಲ್, ಕಣ್ಣು ಕಾಣದ ಎಂಜಿನಿಯರ್. ಕೈಯಿಂದ ಮುಟ್ಟಿ ತಿಳಿದುಕೊಂಡವರಿಗೇ ಇಂಥದ್ದು ಹೊಳೆಯುತ್ತದೇನೋ. ಕೊಲ್ಲಿಯಲ್ಲಿ ಹಿಂದೆ ಇಂಥ ಮನೆಗಳು ತುಂಬಾ ಇದ್ದವು. ಕಟ್ಟಿದ ಜಾಗದಲ್ಲೇ ಈಗಲೂ ನಿಂತಿರುವುದು ಇದೊಂದೇ. 1986ರವರೆಗೆ ಇಲ್ಲಿ ದೀಪ ನೋಡಿಕೊಳ್ಳಲು ಜನ ಇದ್ದರು.

ಅವತ್ತು ದೋಣಿ ಕೆಸರಿಗೆ ಸಿಕ್ಕಿತು. ದೀಪಕ್ಕೂ ದಡಕ್ಕೂ ನಡುವೆ ನುಗ್ಗಿದರೆ ಫೋಟೋಗೆ ಬೆಳಕು ಚೆನ್ನಾಗಿ ಸಿಗುತ್ತದೆ ಅಂತ ನಾನೇ ಹೇಳಿದ್ದೆ. ದೋಣಿಯ ಅಡಿಗೆ ನಾಲ್ಕೂವರೆ ಅಡಿ ನೀರು ಬೇಕು. "ಭಾವ, ಆಳ ಇಳೀತಾ ಇದೆ, ತಿರುಗಿಸಿ" ಅನ್ನುವಷ್ಟರಲ್ಲಿ ಮೆತ್ತಗೆ ನಿಂತೇಬಿಟ್ಟಿತು. ಶಬ್ದವೇ ಇಲ್ಲ. ಇಲ್ಲಿ ಉಬ್ಬರ ಇಳಿತ ಒಂದಡಿ ಅಷ್ಟೇ, ನೀರು ಏರಲಿ ಅಂತ ಕಾದು ಲಾಭವಿಲ್ಲ. ಹಾಯಿ ಇಳಿಸಿ, ನಾನು ಒಂದು ಪಕ್ಕಕ್ಕೆ ಜೋತುಬಿದ್ದು ದೋಣಿ ವಾಲಿಸಿದೆ, ಭಾವ ಎಂಜಿನ್ ಹಿಂದಕ್ಕೆ ಕೊಟ್ಟರು. ಇಪ್ಪತ್ತು ನಿಮಿಷ ಬೇಕಾಯಿತು. ಆ ದೀಪ ಯಾಕೆ ಅಲ್ಲೇ ಇದೆ ಅಂತ ಅವತ್ತು ಸರಿಯಾಗಿ ಗೊತ್ತಾಯಿತು.

ಸ್ಯಾಂಡಿ ಪಾಯಿಂಟ್, ಬಾಲ್ಟಿಮೋರ್ ಹಾರ್ಬರ್ ಎರಡನ್ನೂ ಒಂದೇ ದಿನ ಮುಗಿಸಿದೆವು. ಬಾಲ್ಟಿಮೋರ್ ಹಾರ್ಬರ್ ಲೈಟ್ 1908ರದ್ದು. 1964ರಲ್ಲಿ ಸುಮಾರು ಒಂದು ವರ್ಷ ಅದನ್ನು ಅಣುಶಕ್ತಿಯಿಂದ ಉರಿಸಿದ್ದರು. ಬ್ಲಡಿ ಪಾಯಿಂಟ್‌ನಲ್ಲಿ ಮಳೆ ಮೋಡ ಕಂಡು ಬೇಗ ವಾಪಸಾದೆವು, ಅಲ್ಲಿಗೆ ಇನ್ನೊಮ್ಮೆ ಹೋಗಬೇಕು.

ಈಗ ಶಾರ್ಪ್ಸ್ ಐಲ್ಯಾಂಡ್. ಅನ್ನಾಪೊಲಿಸ್‌ನಿಂದ ತೆಂಕಕ್ಕೆ ಸುಮಾರು 20 ನಾಟಿಕಲ್ ಮೈಲಿ. ಒಂದೇ ದಿನದಲ್ಲಿ ಹೋಗಿ ಬರುವುದು ಕಷ್ಟ, ಅದಕ್ಕೇ ದೋಣಿಯನ್ನು ಎರಡು ದಿನಕ್ಕೆ ತಗೊಂಡು ರಾತ್ರಿ ಟಿಲ್ಗ್‌ಮನ್ ಐಲ್ಯಾಂಡ್ ಹತ್ತಿರ ಲಂಗರು ಹಾಕಿದೆವು. ಹೆಸರಲ್ಲಿರುವ ದ್ವೀಪ ಈಗ ಇಲ್ಲ. ಒಂದು ಕಾಲದಲ್ಲಿ ಅಲ್ಲಿ ಬೇಸಾಯ ನಡೆಯುತ್ತಿತ್ತಂತೆ. ಅಲೆ ಕೊರೆದು ಕೊರೆದು ಪೂರ್ತಿ ನೀರಿನಡಿ ಹೋಗಿದೆ.

ಇಲ್ಲಿ ಮೊದಲು ಸ್ಕ್ರೂ ಕಾಲಿನ ಮನೆಯೇ ಇತ್ತು. ಈ ಮನೆಗಳಿಗೆ ದೊಡ್ಡ ಶತ್ರು ಅಲೆ ಅಲ್ಲ, ಚಳಿಗಾಲದ ಮಂಜುಗಡ್ಡೆ. 1881ರಲ್ಲಿ ಮಂಜುಗಡ್ಡೆ ಕಾಲುಗಳನ್ನು ಮುರಿದು ಮನೆಯನ್ನೇ ಹೊತ್ತುಕೊಂಡು ಹೋಯಿತು. ಒಳಗೆ ಇಬ್ಬರು ಕಾವಲುಗಾರರಿದ್ದರು. ಸುಮಾರು ಐದು ಮೈಲಿ ತೇಲಿ ಮನೆ ದಡ ಮುಟ್ಟಿತು. ಇಬ್ಬರೂ ಬದುಕಿದರು, ದೀಪದ ಲೆನ್ಸನ್ನೂ ಉಳಿಸಿಕೊಂಡರು. ಜೀವ ಹೋಗುವ ಹೊತ್ತಲ್ಲೂ ಲೆನ್ಸ್ ಬಿಡಲಿಲ್ಲ ನೋಡಿ! ಇದನ್ನು ಓದಿದ ದಿನದಿಂದ ಈ ಜಾಗಕ್ಕೆ ಬರಬೇಕು ಅಂತಿತ್ತು.

ಮರುವರ್ಷ ಕಾಲುಗಳ ಬದಲು ದಪ್ಪ ಕಬ್ಬಿಣದ ಸಿಲಿಂಡರ್ ಇಳಿಸಿ, ಕಾಂಕ್ರೀಟ್ ತುಂಬಿ ಹೊಸದು ಕಟ್ಟಿದರು. ಅದನ್ನೂ 1977ರ ಚಳಿಗಾಲದ ಮಂಜುಗಡ್ಡೆ ತಳ್ಳಿ ವಾಲಿಸಿತು. ಸುಮಾರು 15 ಡಿಗ್ರಿ.

ನಾವು ಹೋದಾಗ ಬಡಗಣ ಗಾಳಿ ಚೆನ್ನಾಗಿತ್ತು. ನಮ್ಮ ದೋಣಿಯೂ ಹೆಚ್ಚುಕಡಿಮೆ ಅಷ್ಟೇ ವಾಲಿ ಓಡುತ್ತಿತ್ತು, ಸ್ತಂಭ ವಾಲಿದ ಕಡೆಗೇ. ಹಾಯಿಕಂಬದ ಪಕ್ಕದಲ್ಲಿ ನೋಡಿದರೆ ಸ್ತಂಭ ನೆಟ್ಟಗೆ ನಿಂತ ಹಾಗೇ ಕಾಣುತ್ತಿತ್ತು! "ವಾಲಿದೆ ಅಂದ್ರಲ್ಲ, ಎಲ್ಲಿ?" ಅಂತ ಭಾವನನ್ನು ಕೇಳಿದೆ. ಅವರು ಏನೂ ಹೇಳದೆ ದೋಣಿಯನ್ನು ಗಾಳಿಗೆ ಎದುರು ತಿರುಗಿಸಿದರು. ಹಾಯಿ ಪಟಪಟ ಬಡಿಯಿತು, ದೋಣಿ ನೆಟ್ಟಗಾಯಿತು. ಆಗ ಸ್ತಂಭ ಒಮ್ಮೆಗೇ ವಾಲಿತು. ಬಣ್ಣ ಸಿಪ್ಪೆ ಸಿಪ್ಪೆಯಾಗಿ ಎದ್ದಿದೆ, ಸುತ್ತಿನ ಕಂಬಿಗಳ ಮೇಲೆ ಕರಿ ನೀರುಕಾಗೆಗಳು ಸಾಲಾಗಿ ಕೂತಿದ್ದವು. ದೀಪ ಈಗ ಉರಿಯುವುದಿಲ್ಲ. ಕಾರಲ್ಲಿ ಬಂದು ನೋಡುವ ಜಾಗ ಇದಲ್ಲ. ದೋಣಿಯಲ್ಲಿ ಬಂದರೂ ಎಂಜಿನ್ ಹಾಕಿಕೊಂಡು ಬಂದಿದ್ದರೆ ಈ ನೋಟ ಸಿಗುತ್ತಿರಲಿಲ್ಲ, ಅಲ್ವಾ?

ಆ ಕಡೆ ಹೋಗುವವರಿಗೆ ಒಂದು ಮಾತು: ಏಡಿ ಹಿಡಿಯುವ ಬುಟ್ಟಿಗಳ ತೇಲುಬುರುಡೆ ಜಾಸ್ತಿ ಇರುತ್ತವೆ. ಅವುಗಳ ಹಗ್ಗ ನೀರಿನಡಿ ತಿರುಗುವ ಎಂಜಿನ್ ಫ್ಯಾನಿಗೆ ಸುತ್ತಿಕೊಂಡರೆ ಕಷ್ಟ. ಎಂಜಿನ್ ಹಾಕುವ ಮೊದಲು ಒಬ್ಬರು ಮುಂದೆ ನಿಂತು ನೋಡುತ್ತಿರಿ.

ಮುಂದಿನದು ಹೂಪರ್ ಸ್ಟ್ರೇಟ್. 1879ರ ಆ ಸ್ಕ್ರೂ ಕಾಲಿನ ಮನೆಯನ್ನು ಸೇಂಟ್ ಮೈಕಲ್ಸ್ ಮ್ಯೂಸಿಯಮ್ಮಿಗೆ ತಂದು ನಿಲ್ಲಿಸಿದ್ದಾರೆ, ಒಳಗೆ ಹೋಗಬಹುದು. ಅಕ್ಟೋಬರ್‌ಗೆ ದೋಣಿ ಬುಕ್ ಆಗಿದೆ. ಈ ಸಲ ಅಕ್ಕನೂ ಬರುತ್ತಾಳೆ. ಕಾವಲುಗಾರರು ಮಲಗುತ್ತಿದ್ದ ಕೋಣೆ ನೋಡಬೇಕು ಅಂತ ಅವಳದೇ ಆಸೆ.