1942ರಲ್ಲಿ ಆ ಹುಡುಗರು ಎಲ್ಲಿ ಕೂರುತ್ತಿದ್ದರು?

ಮೈಸೂರಿನ ಒಂದು ಸಣ್ಣ ಪ್ರಕಾಶನದಲ್ಲಿ ಹಸ್ತಪ್ರತಿ ತಿದ್ದುವುದು ನನ್ನ ಕೆಲಸ. ಕಾಗುಣಿತ, ವಾಕ್ಯ, ಪ್ರೂಫು ಎಲ್ಲ ನನ್ನ ಮೇಜಿಗೇ ಬರುತ್ತೆ. ಹಳೇ ಕಾಲದ ಕಾದಂಬರಿ ಆದರೆ ಇಸವಿ ತಾಳೆ ನೋಡುವುದೂ ನನ್ನ ಪಾಲಿಗೇ. ಹೊಸದಾಗಿ ಈ ಕೆಲಸಕ್ಕೆ ಬರುವವರು ಇದನ್ನು ಬರೀ ಗುಮಾಸ್ತಿಕೆ ಅಂದುಕೊಳ್ಳುತ್ತಾರೆ. ಅಂಥವರಿಗಾಗಿ ಈಚೆಗೆ ಕೈಗೆ ಬಂದ ಒಂದು ಕಾದಂಬರಿಯ ಕಥೆ ಹೇಳುತ್ತೇನೆ.

ಬರೆದವರು ಮದ್ದೂರು ಕಡೆಯ ನಿವೃತ್ತ ಮೇಷ್ಟ್ರು. ಕಥೆ ಹದಿನಾರರ ಇಬ್ಬರು ಹುಡುಗರದು. ಒಬ್ಬ ಮಂಡ್ಯ ಪಕ್ಕದ ಹಳ್ಳಿಯವನು, ಮೈಸೂರಿನ ಹಾಸ್ಟೆಲಿನಲ್ಲಿದ್ದು ಹೈಸ್ಕೂಲು ಓದುತ್ತಾನೆ. ಇನ್ನೊಬ್ಬ ಅಗ್ರಹಾರದಲ್ಲಿ ವಾರಾನ್ನ ಉಂಡು ಓದುವ ಬ್ರಾಹ್ಮಣರ ಹುಡುಗ. ಇಬ್ಬರಿಗೂ ಅದು ಮೊದಲ ಪ್ರೀತಿ. ಹಸ್ತಪ್ರತಿಯಲ್ಲಿದ್ದ ಇಸವಿ 1938.

1938 ಯಾಕೆ ಅಂದರೆ, ಆ ವರ್ಷ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಮೇಷ್ಟ್ರಿಗೆ ಊರಿನ ಅಭಿಮಾನ. ಸರಿ, ಇರಲಿ. ಆದರೆ ಅದೇ ಕಥೆಯಲ್ಲಿ ಅಗ್ರಹಾರದ ಹುಡುಗ ‘ಮೈಸೂರು ಮಲ್ಲಿಗೆ’ಯ ಪದ್ಯ ಓದುತ್ತಾನೆ. ಕೆ.ಎಸ್. ನರಸಿಂಹಸ್ವಾಮಿಯವರ ಆ ಸಂಕಲನ ಬಂದಿದ್ದೇ 1942ರಲ್ಲಿ. ಜೊತೆಗೆ ‘ಮಂಡ್ಯ ಜಿಲ್ಲೆ’ ಅಂತ ನಾಲ್ಕಾರು ಕಡೆ. ಮಂಡ್ಯ ಬೇರೆ ಜಿಲ್ಲೆಯಾಗಿದ್ದು 1939ರಲ್ಲಿ. ಹತ್ತು ಪೈಸೆಗೆ ಕಡಲೆಕಾಯಿ ಬೇರೆ! 1957ರ ಏಪ್ರಿಲ್‌ವರೆಗೂ ರೂಪಾಯಿಗೆ ಹದಿನಾರಾಣೆ, ಆಣೆಗೆ ಹನ್ನೆರಡು ಕಾಸು. ಅದನ್ನು ‘ಮೂರು ಕಾಸು’ ಅಂತ ತಿದ್ದಿ ಮುಂದೆ ಹೋದೆ.

ಪದ್ಯದ ವಿಷಯಕ್ಕೆ ಮಾತ್ರ ಫೋನ್ ಮಾಡಿದೆ.

“ಪದ್ಯ ತೆಗೆದುಬಿಡೋಣವಾ ಮೇಷ್ಟ್ರೇ?”

“ಬುಡ್ತು ಅನ್ನಮ್ಮ. ಅದ್ ತೆಗುದ್ರೆ ನನ್ ಕಥೇಲಿ ಇನ್ನೇನೈತೆ?”

ಅವರ ಮಾತು ಸರಿ. ಈ ಹುಡುಗರಿಗೆ ತಮ್ಮದು ಅನ್ನುವ ಒಂದು ಹಾಡೂ ಇರಲಿಲ್ಲ. ಗಂಡ ಹೆಂಡಿರ ಹಾಡನ್ನೇ ಎರವಲು ತಂದು ತಮ್ಮ ಮನಸ್ಸು ಹೇಳಿಕೊಳ್ಳುತ್ತಾರೆ. ಕಾದಂಬರಿಯ ಜೀವ ಇರುವುದೇ ಅಲ್ಲಿ. ಹಾಗಾದರೆ ಬದಲಾಗಬೇಕಾದ್ದು ಇಸವಿ. ಶಿವಪುರವನ್ನು ಮಂಡ್ಯದ ಹುಡುಗನ ಅಣ್ಣನ ನೆನಪಾಗಿ ಉಳಿಸಿಕೊಂಡು, ಕಥೆಯನ್ನು 1942ಕ್ಕೆ ತಂದೆವು.

ಮಜಾ ಶುರುವಾಗಿದ್ದು ಇಲ್ಲಿಂದ. ಇಸವಿ ಬದಲಾದರೆ ಊರೇ ಬದಲಾಗುತ್ತೆ. ನಾಲ್ವಡಿಯವರು 1940ರಲ್ಲಿ ತೀರಿಕೊಂಡಿದ್ದರು, ಈಗ ಮಹಾರಾಜರು ಜಯಚಾಮರಾಜ ಒಡೆಯರ್. ಆಗಸ್ಟ್‌ನಲ್ಲಿ ಕ್ವಿಟ್ ಇಂಡಿಯಾ, ಹುಡುಗರು ಕ್ಲಾಸು ಬಿಟ್ಟು ಬೀದಿಗೆ. ಎಲ್ಲಕ್ಕಿಂತ ಜಾಸ್ತಿ, ಯುದ್ಧ. ಮಾರ್ಚ್‌ನಲ್ಲಿ ರಂಗೂನು ಜಪಾನಿಗಳ ಕೈ ಸೇರಿತು. ಬರ್ಮಾದ ಅಕ್ಕಿ ಬರುವುದು ನಿಂತಿತು. ಅಕ್ಕಿ ತುಟ್ಟಿಯಾಯಿತು.

ವಾರಾನ್ನ ಗೊತ್ತಲ್ವಾ? ಸೋಮವಾರ ಒಂದು ಮನೆಯಲ್ಲಿ ಊಟ, ಮಂಗಳವಾರ ಇನ್ನೊಂದು ಮನೆಯಲ್ಲಿ. ಅಕ್ಕಿ ತುಟ್ಟಿಯಾದರೆ ಮೊದಲು ಯಾರ ಎಲೆ ತೆಗೆಯುತ್ತಾರೆ? ಮೇಷ್ಟ್ರನ್ನು ಇದೊಂದೇ ಕೇಳಿದೆ. ಸ್ವಲ್ಪ ದಿನಕ್ಕೆ ಹೊಸ ಅಧ್ಯಾಯ ಬಂತು.

ಗುರುವಾರದ ಮನೆಯವರು “ಇನ್ಮೇಲೆ ಬರಬೇಡಪ್ಪ” ಅಂದಿದ್ದಾರೆ. ಹುಡುಗ ಯಾರಿಗೂ ಹೇಳದೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಕೂತಿದ್ದಾನೆ. ಇನ್ನೊಬ್ಬ ಹಾಸ್ಟೆಲಿನಿಂದ ತನ್ನ ಪಾಲಿನ ಮುದ್ದೆ, ಬಸ್ಸಾರು ತಂದಿದ್ದಾನೆ. ಅನ್ನ ಉಂಡು ಬೆಳೆದ ಹುಡುಗ ಮುದ್ದೆಯನ್ನು ಅಗಿಯುತ್ತಾನೆ. ಹಲ್ಲಿಗೆಲ್ಲ ಮೆತ್ತಿಕೊಂಡು ಒದ್ದಾಡುತ್ತಾನೆ. “ಅಗೀಬ್ಯಾಡ ಕಲಾ, ನುಂಗು” ಅಂತ ಇವನು ನಗುತ್ತಾ ಒಂದು ತುತ್ತು ಮುರಿದು, ಸಾರಲ್ಲಿ ಹೊರಳಿಸಿ, ಅವನ ಬಾಯಿಗಿಡುತ್ತಾನೆ. ಅಷ್ಟೇ. ಬೇರೆ ಜಾತಿಯವನ ಕೈತುತ್ತು ಅಗ್ರಹಾರದ ಹುಡುಗನಿಗೆ ಆ ಕಾಲದಲ್ಲಿ ಸಣ್ಣ ಮಾತಲ್ಲ. ಹಿಂದಿನ ಕರಡಿನಲ್ಲಿ ಇದೇ ಜಾಗದಲ್ಲಿ ಇಬ್ಬರೂ ಕೌನ್ಸೆಲಿಂಗಿಗೆ ಬಂದವರ ಹಾಗೆ ತಮ್ಮ ಮನಸ್ಸನ್ನು ಪುಟಗಟ್ಟಲೆ ಬಿಡಿಸಿ ಹೇಳುತ್ತಿದ್ದರು. ಅದನ್ನು ನಾನು ಹೊಡೆದುಹಾಕಬೇಕಾಗಲಿಲ್ಲ. ಮುದ್ದೆ ಬಂದ ಮೇಲೆ ಮೇಷ್ಟ್ರೇ ತೆಗೆದರು.

ಅದಕ್ಕೇ ನಾನು ಹಾಳೆಯ ಅಂಚಿನಲ್ಲಿ ‘ಭಾವ ಸಾಲದು’ ಅಂತೆಲ್ಲ ಬರೆಯಲ್ಲ. ಎಲ್ಲಿ ಕೂತಿದ್ದಾರೆ, ಬೆಳಕು ಎಲ್ಲಿಂದ ಬರುತ್ತಿದೆ, ಏನು ತಿಂದಿದ್ದಾರೆ, ಯಾರು ನೋಡುತ್ತಿದ್ದಾರೆ ಅಂತ ಕೇಳುತ್ತೇನೆ. ಬರೆಯುವವರಿಗೆ ಇದರಿಂದ ಸಿಟ್ಟು ಬರಲ್ಲ, ಕೆಲಸ ಸಿಗುತ್ತೆ.

ಸಿಟ್ಟು ಬಂದಿದ್ದು ವಾರ್ಡನ್ ವಿಷಯಕ್ಕೆ. ಇಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ದೊಡ್ಡ ಗಡಿಯಾರದ ಹತ್ತಿರ ಹೋಗುವಾಗ ವಾರ್ಡನ್ ಕಣ್ಣಿಗೆ ಬೀಳುತ್ತಾರೆ. ಬೆತ್ತ, ಬೈಗುಳ, ಊರಿಗೆಲ್ಲ ಗುಲ್ಲು. ನನಗೆ ನಂಬಿಕೆ ಬರಲಿಲ್ಲ. ಇಬ್ಬರು ಹುಡುಗರು ಹೆಗಲಿಗೆ ಕೈ ಹಾಕಿ ನಡೆದರೆ ಇವತ್ತಿಗೂ ನಮ್ಮೂರಲ್ಲಿ ಯಾರೂ ತಿರುಗಿ ನೋಡಲ್ಲ. ಅದೇ ಒಬ್ಬ ಹುಡುಗ, ಒಬ್ಬ ಹುಡುಗಿ ಆಗಿದ್ದರೆ ಸಂಜೆಯೊಳಗೆ ಮನೆಗೆ ಸುದ್ದಿ! ಮೈಸೂರಿಗೆ ಕರೆಂಟು 1908ರಲ್ಲೇ ಬಂದಿತ್ತು. ಸೀಮೆಎಣ್ಣೆಗೆ ತತ್ವಾರವಾದ ಕಾಲದಲ್ಲಿ ಬೀದಿದೀಪದ ಕೆಳಗೆ ಇಬ್ಬರು ಒಂದೇ ಪುಸ್ತಕಕ್ಕೆ ತಲೆ ತಾಗಿಸಿ ಕೂತರೆ, ನೋಡಿದವರು ‘ಒಳ್ಳೆ ಹುಡುಗರು’ ಅಂತ ಮೆಚ್ಚಿ ಹೋಗುತ್ತಾರೆ. ಆ ಕಾಲ ಇವರಿಗೆ ಒಟ್ಟಿಗೆ ಕೂರಲು ಜಾಗ ಕೊಟ್ಟಿತ್ತು, ಮುಂದಕ್ಕೆ ದಾರಿ ಕೊಟ್ಟಿರಲಿಲ್ಲ.

“ವಿಲನ್ನೇ ಇಲ್ದೆ ಇಬ್ರನ್ನೂ ಹೆಂಗಮ್ಮ ದೂರ ಮಾಡ್ಲಿ?” ಅಂದರು ಮೇಷ್ಟ್ರು.

ಎಸ್ಸೆಸ್ಸೆಲ್ಸಿ ಫಲಿತಾಂಶ ಸಾಕಲ್ವಾ? ಅಗ್ರಹಾರದವನು ಇಂಟರ್‌ಮೀಡಿಯೆಟ್‌ಗೆ. ಇನ್ನೊಬ್ಬನಿಗೆ ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಕಾರ್ಖಾನೆ 1933ರಲ್ಲೇ ಶುರುವಾಗಿತ್ತು. ಮೈಸೂರಿಗೂ ಮಂಡ್ಯಕ್ಕೂ ನಲವತ್ತೈದು ಕಿಲೋಮೀಟರು, ರೈಲಿದೆ. ಆದರೆ ಹೋಗಿಬರಲು ಮನೆಯಲ್ಲಿ ಒಂದು ಕಾರಣ ಹೇಳಬೇಕಲ್ಲ. ಬೀಗರಲ್ಲ, ನೆಂಟರಲ್ಲ, ಒಂದೇ ಜಾತಿಯಲ್ಲ. ಮೊದಲ ವರ್ಷ ದಸರಾ ಅಂತ ಬರುತ್ತಾನೆ. ಆಮೇಲೆ ಅದೂ ಇಲ್ಲ. ವಾರ್ಡನ್ ಹೋದ, ಬೆತ್ತವೂ ಹೋಯಿತು. ಆ ಅಧ್ಯಾಯ ಓದಿ ನಮ್ಮ ಡಿಟಿಪಿ ಹುಡುಗ ಸುಮ್ನೆ ಎದ್ದು ಟೀ ಕುಡಿಯಲು ಹೋದ.

ಕೊನೆಯಲ್ಲಿ ಮುದುಕನೊಬ್ಬ ಪತ್ರಿಕೆ ಓದುವ ಪ್ರಸಂಗ ಇತ್ತು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು 377ನೇ ಕಲಮಿನ ತೀರ್ಪು ಕೊಟ್ಟಿತು. ಒಂದೇ ಲಿಂಗದವರಾದರೂ ವಯಸ್ಕರು ಒಪ್ಪಿ ಕೂಡಿದರೆ ಅಪರಾಧವಲ್ಲ ಅಂದಿತು. 1860ರ ಕಾನೂನು ಅದು. 1942ಕ್ಕೆ ಹದಿನಾರಾದವನಿಗೆ ಅವತ್ತು ತೊಂಬತ್ತೆರಡು. ಲೆಕ್ಕ ಸರಿಯಿದೆ. ಆದರೆ ಮೇಷ್ಟ್ರು ಅಜ್ಜನ ಬಾಯಲ್ಲಿ ಭಾಷಣ ಮಾಡಿಸಿದ್ದರು. ಅಜ್ಜ ಸುದ್ದಿ ಎರಡು ಸಲ ಓದಿ, ಮೊಮ್ಮಗಳ ಹತ್ತಿರ ಮಜ್ಜಿಗೆ ಕೇಳಿದರೆ ಸಾಕು ಅಂದೆ. ಒಪ್ಪಿದರು, ಸ್ವಲ್ಪ ಮುನಿಸಿನಲ್ಲೇ.

ಬೆನ್ನುಡಿಯ ಸರದಿ ಬಂದಾಗ ನಮ್ಮ ಮಾರಾಟದವರು “ಇಬ್ಬರು ಗೆಳೆಯರ ಕಥೆ ಅಂತ ಹಾಕಿಬಿಡಿ ಮೇಡಂ, ಲೈಬ್ರರಿಗೂ ಹೋಗುತ್ತೆ” ಅಂದರು. ಅವರದು ಸುಳ್ಳು ಭಯವಲ್ಲ, ಪುಸ್ತಕ ಉಳಿದರೆ ಗೋಡೌನಿನಲ್ಲಿ ನೋಡುವವರು ಅವರೇ. ಆದರೂ ಇಂಥ ಕಥೆಗಾಗಿ ಕಾಯುತ್ತಿರುವ ಓದುಗ ಅಂಗಡಿಯಲ್ಲಿ ಪುಸ್ತಕ ತಿರುಗಿಸಿ ನೋಡಿದಾಗ ಅವನಿಗೆ ಗೊತ್ತಾಗಬೇಕು. ಯಜಮಾನರು ಯೋಚಿಸಿ ನನ್ನ ಕಡೆಗೆ ಬಂದರು. ‘ಇಬ್ಬರು ಹುಡುಗರ ಮೊದಲ ಪ್ರೀತಿ’ ಅಂತ ಮೊದಲ ಸಾಲಿನಲ್ಲೇ ಇದೆ. ಮುಖಪುಟ ಮಾತ್ರ ಇನ್ನೂ ಬಾಕಿ. ಕಲಾವಿದರು ದೀಪ ಹಾಕಿದ ಅರಮನೆ ಬರೆದು ಕಳಿಸಿದ್ದರು. ಮೈಸೂರು ಅಂದರೆ ಇದೊಂದೇನಾ ಅಂತ ಕೇಳಿ ವಾಪಸ್ ಕಳಿಸಿದ್ದೇನೆ.