ದಿವೆ ಘಾಟಿನ ಏರಿನಲ್ಲಿ ಒಂದು ಹಾಡು

ಪುಣೆಯಲ್ಲಿ ನಾಲ್ಕು ದಿನ ಇದ್ದೆ. ಮೂರರ ಬಗ್ಗೆ ಹೇಳುವಂಥದ್ದೇನಿಲ್ಲ: ಮಳೆ, ಮಿಸಳ್, ಮತ್ತೆ ಮಳೆ. ನಾಲ್ಕನೆಯ ದಿನ, ವಿಠ್ಠಲನ ದರ್ಶನಕ್ಕೆ ಪಂಢರಪುರಕ್ಕೆ ನಡೆದು ಹೋಗುವ ವಾರಕರಿಗಳ ಜೊತೆ ದಿವೆ ಘಾಟ್ ಹತ್ತಿದೆ.

ಹೋದದ್ದು ಚಿಕ್ಕಪ್ಪನ ಮಗನ ಒತ್ತಾಯಕ್ಕೆ. ಧಾರವಾಡದ ಹುಡುಗ, ಹಿಂಜೆವಾಡಿಯಲ್ಲಿ ಸಾಫ್ಟ್‌ವೇರ್ ಕೆಲಸ, ರಜಾ ಬಂದರೆ ಹಾಡಿನ ಹುಚ್ಚು. ಎರಡು ವರ್ಷದಿಂದ ಒಂದು ಜಾನಪದ ಆಲ್ಬಮ್ ಕಟ್ಟುತ್ತಿದ್ದಾನೆ. ಒಂಬತ್ತು ಹಾಡು, ಎಲ್ಲವೂ ದಾರಿ ಸವೆಸಿದವರದ್ದು. ಉಡುತಡಿಯಿಂದ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ನಡೆದ ಅಕ್ಕನ ವಚನ, ಪುರಂದರದಾಸರ ಪದ, ಜ್ಞಾನೇಶ್ವರರ ಅಭಂಗ. ಮೊದಲನೆಯದೇ ‘ಕಾನಡಾ ಹೋ ವಿಠ್ಠಲು ಕರ್ನಾಟಕು’. 13ನೇ ಶತಮಾನದ ಮರಾಠಿ ಸಂತರೇ ವಿಠ್ಠಲ ಕನ್ನಡದವನು ಅಂದಿದ್ದಾರೆ ನೋಡು ಅಣ್ಣಾ, ಎಂದು ಎದೆಯುಬ್ಬಿಸುತ್ತಾನೆ. ‘ಕಾನಡಾ’ ಅಂದರೆ ಸುಲಭಕ್ಕೆ ತಿಳಿಯದವನು ಅಂತಲೂ ಅರ್ಥವಿದೆಯಪ್ಪ ಎಂದು ಅವನ ಮರಾಠಿ ಗೆಳೆಯರು ಆಗಾಗ ಸೂಜಿ ಚುಚ್ಚುತ್ತಾರೆ.

ಹಾಡು ಚೆನ್ನಾಗಿತ್ತು. ಏಕತಾರಿ, ಪಖವಾಜು ಸರಿ, ಕೊಳಲು ಮಾತ್ರ ಅತಿಯಾಯಿತು. ಕೊಳಲು ಊದಿದರೆ ಭಕ್ತಿ ಉಕ್ಕುತ್ತದೆಂದು ಈ ಹುಡುಗರಿಗೆ ಯಾರು ಹೇಳಿಕೊಟ್ಟರೋ! ಅದಕ್ಕೆ ದಿಂಡಿಯ, ಅಂದರೆ ಹಾಡುತ್ತ ಸಾಗುವ ವಾರಕರಿಗಳ ಗುಂಪಿನ, ತಾಳದ ಸದ್ದು ಸೇರಿಸಬೇಕೆಂದು ರೆಕಾರ್ಡರ್ ಹಿಡಿದು ಹೊರಟಿದ್ದ.

ಆಳಂದಿಯಿಂದ ಬರುವ ಜ್ಞಾನೇಶ್ವರರ ಪಾಲಖಿ, ಅಂದರೆ ಪಲ್ಲಕ್ಕಿ, ಪುಣೆಯ ಭವಾನಿ ಪೇಠೆಯಲ್ಲಿ ಎರಡು ರಾತ್ರಿ ತಂಗುತ್ತದೆ. ಆಮೇಲೆ ಸಾಸವಡದ ಕಡೆಗೆ ಒಂದೇ ದಿನಕ್ಕೆ ಸುಮಾರು 30 ಕಿ.ಮೀ. ನಡಿಗೆ. ಹಡಪ್ಸರದಲ್ಲಿ ತುಕಾರಾಮರ ಪಾಲಖಿ ಲೋಣಿ ಕಾಳಭೋರ್ ದಾರಿ ಹಿಡಿದರೆ ಇದು ಘಾಟ್ ಹತ್ತುತ್ತದೆ. ಅಂದು ಆ ರಸ್ತೆಗೆ ವಾಹನ ಬಿಡುವುದಿಲ್ಲ. ನಮ್ಮ ಬಾಡಿಗೆ ಕಾರಿನವನಿಗೆ ಇದು ಗೊತ್ತಿತ್ತು. ಆದರೂ ಘಾಟಿನ ಬುಡಕ್ಕೇ ಬಿಡುತ್ತೇನೆಂದು 1,200 ರೂಪಾಯಿ ಎಣಿಸಿಕೊಂಡು ಮಗರ್‌ಪಟ್ಟಾ ಹತ್ತಿರ ಇಳಿಸಿಹೋದ. ಹೋಗುವವರು ಹಿಂದಿನ ರಾತ್ರಿಯೇ ಹಡಪ್ಸರದಲ್ಲಿ ಉಳಿದು ನಸುಕಿಗೆ ಕಾಲಿಗೆ ಕೆಲಸ ಕೊಡಿ. ಕಾರಿನ ಆಸೆ ಬೇಡ.

ಘಾಟಿನ ಒಂದು ತಿರುವಿನಲ್ಲಿ, ಕೆಳಗೆ ಮಸ್ತಾನಿ ಕೆರೆ ಕಾಣುವಲ್ಲಿ, ಒಬ್ಬ ಅಜ್ಜಿ ತುಳಸಿ ವೃಂದಾವನವನ್ನು ಪಕ್ಕಕ್ಕಿಟ್ಟು ಕಿತ್ತ ಚಪ್ಪಲಿಗೆ ದಾರ ಕಟ್ಟುತ್ತಿದ್ದಳು. ನಮ್ಮ ಮಾತು ಕಿವಿಗೆ ಬಿದ್ದು ತಲೆ ಎತ್ತಿದಳು.

“ಕನ್ನಡದಾವ್ರೇನ್ರೀ? ಯಾವ ಊರು?”

“ಧಾರವಾಡ. ನಿಮ್ದು?”

“ಜತ್ತದ ಕಡೆ. ಹಾಡಾಕ ಮರಾಠಿ, ಬೈಯಾಕ ಕನ್ನಡ” ಎಂದು ನಕ್ಕಳು.

ತಮ್ಮ ತಡಮಾಡದೆ ಅವಳ ಕಿವಿಗೆ ಹೆಡ್‌ಫೋನ್ ಏರಿಸಿದ. ಕಣ್ಣುಮುಚ್ಚಿ ಕೇಳಿದಳು. ತೊಡೆಯ ಮೇಲೆ ಬೆರಳು ಆಡಿತು. ಆಮೇಲೆ ಎದ್ದು ನಿಂತು, ಒಂದೇ ಚಪ್ಪಲಿಯಲ್ಲಿ ನಾಲ್ಕು ಹೆಜ್ಜೆ ಏರು ಹತ್ತಿ ನೋಡಿದಳು. ನಿಂತಳು. ಹೆಡ್‌ಫೋನ್ ತೆಗೆದಳು.

“ಧ್ವನಿ ಛಲೋ ಐತಿ. ಆದ್ರ ಎಷ್ಟ್ ಅವಸರೋ ತಮ್ಮಾ! ಈ ಏರಿನಾಗ ಹಿಂಗ ಹಾಡಿದ್ರ ಹಿಂದಿನಾಕಿ ಮುಂದಿನಾಕಿ ಮ್ಯಾಲ ಬೀಳ್ತಾಳ.”

ಅವನು ಬಿಡಲಿಲ್ಲ. ಸ್ಟುಡಿಯೋದಲ್ಲಿ ಕಿವಿಯೊಳಗೆ ಟಿಕ್ ಟಿಕ್ ಬಡಿತ ಇರುತ್ತದೆ, ಮೊದಲಿಂದ ಕೊನೆಯವರೆಗೆ ಒಂದೇ ಸಮ, ನಿಮಿಷಕ್ಕೆ 96, ಅದನ್ನು ತಪ್ಪುವಂತಿಲ್ಲ ಎಂದು ವಿವರಿಸಿದ.

“ಯಾರ್ ಬಡೀತಾರ ಅದನ್ನ?”

“ಕಂಪ್ಯೂಟರ್, ಆಯೀ.”

“ಹಂಗಂದ್ರ ಅದಕ್ಕ ಕಾಲ್ ನೋಯಲ್ಲ ಬಿಡು.”

ದಾರ ಬಿಗಿದು, ವೃಂದಾವನ ತಲೆಗೇರಿಸಿ, “ನಡೀರಿ, ದಿಂಡಿ ಮುಂದ ಹೋತು” ಎಂದು ಹೊರಟೇಬಿಟ್ಟಳು.

ಅವನು ಗಡಿಯಾರ ನೋಡುತ್ತ ತಾಳ ಎಣಿಸತೊಡಗಿದ. ಸಪಾಟು ರಸ್ತೆಯಲ್ಲಿ ಪಾವಲಿಯ ಕುಣಿತದ ಹೆಜ್ಜೆ ಹಾಕುತ್ತ ಬಂದ ದಿಂಡಿ ತೊಂಬತ್ತರ ಮೇಲಿತ್ತಂತೆ. ಇಲ್ಲಿ ಅದೇ ತಾಳ ಅರವತ್ತಕ್ಕೂ ಇಳಿದಿತ್ತು. ಎರಡು ತಾಳದ ನಡುವೆ ಒದ್ದೆ ಚಪ್ಪಲಿಗಳ ಚಪ್ ಚಪ್, ಯಾರದೋ ಕೆಮ್ಮು. ಸಾಲಿನ ಕೊನೆಯ ಅಕ್ಷರವನ್ನು ಹೆಂಗಸರು ನುಂಗಿ ಉಸಿರು ಎಳೆದುಕೊಳ್ಳುತ್ತಿದ್ದರು. ಅಷ್ಟರಲ್ಲಿ ಇನ್ನೊಂದು ಗುಂಪು ಆ ಅಕ್ಷರ ಎತ್ತಿಕೊಳ್ಳುತ್ತಿತ್ತು. ಪಖವಾಜಿನವನು ಯಾರ ಮುಖವನ್ನೂ ನೋಡುತ್ತಿರಲಿಲ್ಲ, ವೀಣೆ ಹಿಡಿದವನ ಪಾದ ನೋಡುತ್ತಿದ್ದ. ಹಿಂದಿನಿಂದ ಪಾಲಖಿಯ ರಥ ಬಂತು. ಈ ಏರಿಗೆಂದೇ ಹೆಚ್ಚಿನ ಜೋಡಿ ಎತ್ತು ಕಟ್ಟಿದ್ದರು. ಅವು ನಿಂತಾಗ ಎಲ್ಲರೂ ನಿಂತರು. ಹಾಡು ನಿಲ್ಲಲಿಲ್ಲ, ಒಂದೇ ಸಾಲಿನಲ್ಲಿ ಸುತ್ತುತ್ತಿತ್ತು.

ಪಕ್ಕದಲ್ಲಿ ಒಂದು ಚಹಾ ಮಂಟಪದವರು ಸ್ಪೀಕರಿನಲ್ಲಿ ವಿಠ್ಠಲನ ರೀಮಿಕ್ಸ್ ಹಾಕಿದ್ದರು. ಚಹಾ ಚೆನ್ನಾಗಿತ್ತು, ಅಷ್ಟು ಹೇಳಬಹುದು.

ಮಳೆ ಜೋರಾಯಿತು. ಮೈಕಿಗೆ ಪ್ಲಾಸ್ಟಿಕ್ ಸುತ್ತಿದ್ದೆವು. ಹನಿ ಪ್ಲಾಸ್ಟಿಕ್ ಮೇಲೆ ಬಿದ್ದ ಸದ್ದು ತಾಳವನ್ನೂ ಮೀರಿಸಿತ್ತೆಂದು ಆಮೇಲೆ ಗೊತ್ತಾಯಿತು. ಸರಿಯಾಗಿ ಉಳಿದದ್ದು ಅಜ್ಜಿಯ ಮಾತು ಮಾತ್ರ, ರೆಕಾರ್ಡರ್ ಆಗಲೂ ಓಡುತ್ತಿತ್ತು. ಅದನ್ನು ಆಲ್ಬಮ್ಮಿನಲ್ಲಿ ಹಾಕಬೇಕಾದರೆ ಅವಳನ್ನು ಕೇಳಬೇಕು ಎಂದ ತಮ್ಮ. ಹೆಸರು ಕೇಳಿರಲಿಲ್ಲ, ದಿಂಡಿಯ ನಂಬರೂ ನೋಡಿರಲಿಲ್ಲ.

ರಾತ್ರಿ ಸಾಸವಡದಲ್ಲಿ ಕೆಸರು ತುಳಿಯುತ್ತ ಡೇರೆಯಿಂದ ಡೇರೆಗೆ ಅಲೆದೆವು. ಒಂದು ಕಡೆ ಝುಣಕ-ಭಾಕರಿ ಕೊಟ್ಟು ಕೂರಿಸಿಕೊಂಡರು. ಯಾರನ್ನು ಹುಡುಕುತ್ತಿದ್ದೀರಿ ಅಂದರು.

“ಒಬ್ಬ ಮಾವುಲಿಯನ್ನು” ಎಂದ ತಮ್ಮ, ಅಲ್ಲಿ ಎಲ್ಲರೂ ಎಲ್ಲರನ್ನೂ ‘ತಾಯಿ’ ಎಂದು ಕರೆಯುವ ಹಾಗೆ. ಡೇರೆಯಲ್ಲಿದ್ದ ನಲವತ್ತು ಜನರೂ ಒಟ್ಟಿಗೆ ತಿರುಗಿ ನೋಡಿದರು.