ಗಿರಗಿಟ್ಲೆ ಮನೆ

ನಿದ್ದೆ ಬರ್ಲಿಲ್ಲ ಅಂತ ರಾತ್ರಿ ಅಮೆರಿಕದ ಹಾಸ್ಯನಟ ಬಸ್ಟರ್ ಕೀಟನ್‌ನ ‘ಒನ್ ವೀಕ್’ ಮತ್ತೆ ನೋಡ್ದೆ. 1920ರ ಮೂಕಿ ಕಿರುಚಿತ್ರ. ಹೊಸದಾಗಿ ಮದುವೆಯಾದ ಜೋಡಿಗೆ ಉಡುಗೊರೆಯಾಗಿ ಬರೋದು ಪೆಟ್ಟಿಗೆಗಳಲ್ಲಿ ತುಂಬಿದ ಬಿಡಿ ಮನೆ. ನಂಬರ್ ನೋಡ್ಕೊಂಡು ಜೋಡಿಸ್ಕೋಬೇಕು ಅಷ್ಟೇ. ಹೊಟ್ಟೆಕಿಚ್ಚಿನವನೊಬ್ಬ ಆ ನಂಬರ್‌ಗಳನ್ನೇ ತಿದ್ದಿಬಿಡ್ತಾನೆ!

ಎದ್ದು ನಿಲ್ಲೋದು ಸೊಟ್ಟಮೂತಿ ಮನೆ. ಮಹಡಿ ಬಾಗಿಲು ತೆಗೆದು ಕಾಲಿಟ್ರೆ ಆಚೆ ಏನೂ ಇಲ್ಲ, ಸೀದಾ ನೆಲಕ್ಕೆ ದೊಪ್. ಬಿರುಗಾಳಿಗೆ ಇಡೀ ಮನೆ ಜಾತ್ರೆಯ ತೊಟ್ಟಿಲಿನ ಹಾಗೆ ಗಿರಗಿರ ತಿರುಗುತ್ತೆ. ಗ್ರಾಫಿಕ್ಸ್ ಅಲ್ಲ ಸ್ವಾಮಿ, ತಿರುಗೋ ವೇದಿಕೆ ಮೇಲೆ ನಿಜವಾಗಿ ಕಟ್ಟಿದ ಮನೆ! ಒಳಗೆ ಹೋಗೋಕೆ ಗಂಡನ ಪಾತ್ರದ ಕೀಟನ್ ಬಾಗಿಲಿಗೆ ಹಾರ್ತಾನೆ, ಬೀಳ್ತಾನೆ, ಮತ್ತೆ ಹಾರ್ತಾನೆ. ಮುಖದಲ್ಲಿ ಒಂದು ಗೆರೆಯೂ ಅಲುಗಲ್ಲ. ಅದಕ್ಕೇ ನನಗೆ ಚಾಪ್ಲಿನ್‌ಗಿಂತ ಇವನೇ ಒಂದು ಗುಲಗಂಜಿ ಹೆಚ್ಚು (ಬಯ್ಯೋರು ಇನ್‌ಬಾಕ್ಸಿಗೆ ಬನ್ನಿ). ಬಿದ್ದವನು ಅಳದಿದ್ರೆ ನೋಡೋರಿಗೆ ಯಾಕಷ್ಟು ನಗು ಬರುತ್ತೋ!

ಕೊನೆಗೆ ಬೇರೆ ಜಾಗಕ್ಕೆ ಎಳ್ಕೊಂಡು ಹೋಗುವಾಗ ಮನೆ ರೈಲು ಹಳಿ ಮೇಲೆ ಸಿಕ್ಕಿಹಾಕ್ಕೊಳ್ಳುತ್ತೆ. ಬಂದ ರೈಲು ಪಕ್ಕದ ಹಳೀಲಿ ಹೋಗುತ್ತೆ. ಉಸ್ಸಪ್ಪಾ ಅನ್ನೋಷ್ಟರಲ್ಲಿ ಆ ಕಡೆಯಿಂದ ಇನ್ನೊಂದು!

ದಿಂಬಲ್ಲಿ ಮುಖ ಮುಚ್ಕೊಂಡು ನಕ್ಕೆ. ಕಣ್ಣೆದುರಿಗೇ, ಹೋದ ತಿಂಗಳು ನಾನೇ ಜೋಡಿಸಿದ ಕಪಾಟು ಎಡಕ್ಕೆ ವಾಲಿಕೊಂಡು ನಿಂತಿತ್ತು. ಉಳಿದ ನಾಲ್ಕು ಸ್ಕ್ರೂ ಇನ್ನೂ ಅದರ ತಲೆ ಮೇಲೇ ಇವೆ.